ಮೆಸ್ ಬಿಲ್ಲಿನಿಂದ ಸಂವಿಧಾನದ 33ನೇ ತಿದ್ದುಪಡಿಯವರೆಗೆ

1973ರ ಡಿಸೆಂಬರ್ 20ರಂದು ಅಹಮದಾಬಾದಿನ ಎಲ್.ಡಿ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಮುಷ್ಕರ ಹೂಡಿದಾಗ ಅವರ ದೂರು ಒಂದೇ: ಹಾಸ್ಟೆಲ್ ಊಟದ ಬಿಲ್ಲು ಶೇ. 20ರಷ್ಟು ಏರಿದೆ. ಮೂರು ತಿಂಗಳು ಕಳೆಯುವುದರೊಳಗೆ ಗುಜರಾತಿನ ಮುಖ್ಯಮಂತ್ರಿ ಹೋಗಿದ್ದರು, ವಿಧಾನಸಭೆಯೂ ಹೋಗಿತ್ತು. ಈ ನವನಿರ್ಮಾಣ ಚಳವಳಿಯ ಹೆಸರು ಕೇಳಿದವರು ಬಹಳ ಮಂದಿ. ಅದು ಗೆದ್ದದ್ದು ಹೇಗೆ ಅನ್ನುವುದನ್ನು ಮಾತ್ರ ನಾವು ಸರಿಯಾಗಿ ಓದಿಕೊಂಡಿಲ್ಲ.

ಎಣ್ಣೆ, ಬೇಳೆ, ಧಾನ್ಯದ ಬೆಲೆ ಏರಿದರೆ ವಿದ್ಯಾರ್ಥಿಗೆ ಅದು ಮೊದಲು ತಗಲುವುದು ಮೆಸ್ ಬಿಲ್ಲಿನಲ್ಲಿ. ಅದೇ ಬೆಲೆ ಪೇಟೆಯ ಪ್ರತಿ ಮನೆಯ ಅಡುಗೆಮನೆಯನ್ನೂ ಸುಡುತ್ತಿತ್ತು. ಗುಜರಾತಿನ ಅಡುಗೆಗೆ ಶೇಂಗಾ ಎಣ್ಣೆಯೇ ಆಧಾರ. ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲರು ಎಣ್ಣೆ ವ್ಯಾಪಾರಿಗಳ ಜೊತೆ ಸೇರಿಕೊಂಡಿದ್ದಾರೆ ಎಂಬ ಆರೋಪ ಊರೆಲ್ಲ ಹಬ್ಬಿತ್ತು. ಹಾಗಾಗಿ ಹಾಸ್ಟೆಲಿನ ಜಗಳ ಹಾಸ್ಟೆಲಿನಲ್ಲೇ ಉಳಿಯಲಿಲ್ಲ. ಜನವರಿ 7ರಿಂದ ಶಾಲಾ ಕಾಲೇಜುಗಳಲ್ಲಿ ಅನಿರ್ದಿಷ್ಟ ಮುಷ್ಕರ, 10ರಂದು ಅಹಮದಾಬಾದ್ ಬಂದ್, 25ರಂದು ರಾಜ್ಯ ಬಂದ್. ವಿದ್ಯಾರ್ಥಿಗಳು ನವನಿರ್ಮಾಣ ಯುವಕ ಸಮಿತಿ ಕಟ್ಟಿಕೊಂಡರು. ಗೃಹಿಣಿಯರು ತಟ್ಟೆ ಬಡಿದು ಸರ್ಕಾರದ ಸಾವಿನ ಗಂಟೆ ಬಾರಿಸಿದರು. ಮಂತ್ರಿಗಳ ಅಣಕು ಶವಯಾತ್ರೆ ನಡೆಯಿತು. ಭಾಷಣ ಬಾರದವರೂ, ಮನೆ ಬಿಟ್ಟು ಬರಲಾಗದವರೂ ಸೇರಿಕೊಳ್ಳಬಹುದಾದ ಪ್ರತಿಭಟನೆ ಇದು. ತಟ್ಟೆಯೊಂದು ಕೈಯಲ್ಲಿದ್ದರೆ ಸಾಕು.

ಜನವರಿ 28ರಂದು ಅಹಮದಾಬಾದಿಗೆ ಸೇನೆ ಬಂತು. ಫೆಬ್ರವರಿ 9ರಂದು, ದೆಹಲಿಯ ಸೂಚನೆಯಂತೆ, ಚಿಮನ್‌ಭಾಯಿ ರಾಜೀನಾಮೆ ಕೊಟ್ಟರು.

ಬಹಳಷ್ಟು ಚಳವಳಿಗಳು ಇಲ್ಲಿಗೆ ಪಟಾಕಿ ಹೊಡೆದು ಮನೆಗೆ ಹೋಗುತ್ತವೆ. ಗುಜರಾತಿನ ವಿದ್ಯಾರ್ಥಿಗಳು ಹೋಗಲಿಲ್ಲ. ಅವರ ನಿಜವಾದ ರಾಜಕೀಯ ತಿಳಿವಳಿಕೆ ಕಾಣುವುದು ಇಲ್ಲೇ ಎಂದು ನನ್ನ ನಂಬಿಕೆ. 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಬಂತು, ಆದರೆ ವಿಧಾನಸಭೆಯನ್ನು ವಿಸರ್ಜಿಸಲಿಲ್ಲ, ಅಮಾನತಿನಲ್ಲಿಟ್ಟರು. ಇವೆರಡರ ನಡುವೆ ಅಜಗಜಾಂತರ. ವಿಸರ್ಜನೆಯಾದರೆ ಚುನಾವಣೆಗೆ ಹೋಗಲೇಬೇಕು. ಅಮಾನತಿನಲ್ಲಿದ್ದರೆ ಅದೇ ಶಾಸಕರು ಇದ್ದಾರೆ, ಅದೇ ಬಹುಮತ ಇದೆ. ಗದ್ದಲ ತಣ್ಣಗಾದ ಮೇಲೆ ಇನ್ನೊಬ್ಬ ಮುಖ್ಯಮಂತ್ರಿಯನ್ನು ಕೂರಿಸಬಹುದು. 1972ರಲ್ಲಿ 168 ಸ್ಥಾನಗಳ ಪೈಕಿ 140 ಗೆದ್ದಿದ್ದ ಕಾಂಗ್ರೆಸ್ಸಿಗೆ ಅದು ಕಷ್ಟವಿರಲಿಲ್ಲ.

ಆದ್ದರಿಂದ ಬೇಡಿಕೆ ಬದಲಾಯಿತು: ಸಭೆಯನ್ನೇ ವಿಸರ್ಜಿಸಿ. ಕೇಂದ್ರ ಒಪ್ಪದಿದ್ದರೆ ಸಭೆಯನ್ನು ಒಳಗಿನಿಂದಲೇ ಖಾಲಿ ಮಾಡುವುದು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಇಂದಿರಾ ಗಾಂಧಿಯವರ ವಿರುದ್ಧ ನಿಂತ ಬಣವಾದ ಸಂಸ್ಥಾ ಕಾಂಗ್ರೆಸ್ಸಿನ 15 ಶಾಸಕರು ಮೊದಲು ರಾಜೀನಾಮೆ ಕೊಟ್ಟರು, ಜನಸಂಘದ ಮೂವರೂ ಕೊಟ್ಟರು. ಉಳಿದವರ ಮನೆ ಮುಂದೆ ವಿದ್ಯಾರ್ಥಿಗಳ ಗುಂಪು ಹೋಗಿ ನಿಂತಿತು. ಮಾರ್ಚ್ ಹೊತ್ತಿಗೆ ಸುಮಾರು 95 ಮಂದಿ ರಾಜೀನಾಮೆ ಬರೆದಿದ್ದರು, ಅಂದರೆ ಸದನದ ಅರ್ಧಕ್ಕಿಂತ ಹೆಚ್ಚು. ಸಂಸ್ಥಾ ಕಾಂಗ್ರೆಸ್ಸಿನ ನಾಯಕ ಮೊರಾರ್ಜಿ ದೇಸಾಯಿ ಆಮರಣ ಉಪವಾಸಕ್ಕೆ ಕೂತರು. ಮಾರ್ಚ್ ಮಧ್ಯದಲ್ಲಿ ವಿಧಾನಸಭೆ ವಿಸರ್ಜನೆಯಾಯಿತು.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಸುಮಾರು ನೂರು ಜನ ಸತ್ತರು, ಸಾವಿರಾರು ಮಂದಿ ಬಂಧನಕ್ಕೊಳಗಾದರು. ಎಲ್ಲ ರಾಜೀನಾಮೆಯೂ ಮನಸಾರೆ ಕೊಟ್ಟದ್ದಲ್ಲ ಎಂಬುದನ್ನೂ ಮುಚ್ಚಿಡಬಾರದು. ಬಾಗಿಲಲ್ಲಿ ಸಿಟ್ಟಿಗೆದ್ದ ಗುಂಪು ನಿಂತಿರುವಾಗ ಹಾಕಿದ ಸಹಿಗೆ ಎಷ್ಟು ಬೆಲೆ? ಚಳವಳಿಯನ್ನು ಮೆಚ್ಚುವವರೂ ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಸಂಸತ್ತು ಅದೇ ವರ್ಷ ಉತ್ತರ ಕೊಟ್ಟಿತು. ಅಲ್ಲಿಯವರೆಗೆ 190ನೇ ವಿಧಿಯ ಪ್ರಕಾರ ಶಾಸಕ ತನ್ನ ಕೈಬರಹದ ಸಹಿಯೊಂದಿಗೆ ಸ್ಪೀಕರ್‌ಗೆ ಪತ್ರ ಕೊಟ್ಟರೆ ಸ್ಥಾನ ತೆರವಾದಂತೆಯೇ. 1974ರ ಮೇ ತಿಂಗಳಲ್ಲಿ ಜಾರಿಗೆ ಬಂದ 33ನೇ ತಿದ್ದುಪಡಿ ಎರಡು ಷರತ್ತು ಸೇರಿಸಿತು. ಸ್ಪೀಕರ್ ಅಂಗೀಕರಿಸಿದರೆ ಮಾತ್ರ ರಾಜೀನಾಮೆ. ಅದು ಸ್ವಇಚ್ಛೆಯದಲ್ಲ ಅಥವಾ ನೈಜವಲ್ಲ ಎಂದು ಕಂಡರೆ ಅವರು ಅಂಗೀಕರಿಸುವಂತಿಲ್ಲ.

2019ರ ಜುಲೈನಲ್ಲಿ ಕರ್ನಾಟಕದ ಶಾಸಕರು ರಾಜೀನಾಮೆ ಕೊಟ್ಟಾಗ ದಿನಗಟ್ಟಲೆ ಟಿವಿಯಲ್ಲಿ ಕೇಳಿಸಿದ ‘ಸ್ವಇಚ್ಛೆ’, ‘ನೈಜತೆ’ ಎಂಬ ಪದಗಳ ಮೂಲ ಇದೇ. ಸ್ಪೀಕರ್ ರಮೇಶ್ ಕುಮಾರ್ ಪಕ್ಷಾಂತರ ನಿಷೇಧ ಕಾನೂನಿನಡಿ 17 ಮಂದಿಯನ್ನು ಅನರ್ಹಗೊಳಿಸಿದರು. ನವೆಂಬರ್ 13ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ರಾಜೀನಾಮೆಯ ವಿಷಯದಲ್ಲಿ ಸ್ಪೀಕರ್ ನೋಡಬೇಕಾದದ್ದು ಅದು ಸ್ವಇಚ್ಛೆಯದೇ, ನೈಜವೇ ಎಂಬುದನ್ನಷ್ಟೇ, ಅದರ ಹಿಂದಿನ ಉದ್ದೇಶವನ್ನಲ್ಲ ಎಂದಿತು. ಬೀದಿಯ ಒತ್ತಡ ತಡೆಯಲು ಬರೆದ ಸಾಲು 45 ವರ್ಷಗಳ ನಂತರ ಪಕ್ಷಾಂತರದ ಮೊಕದ್ದಮೆಯಲ್ಲಿ ಚರ್ಚೆಯಾಯಿತು.

ಗುಜರಾತಿನ ಚುನಾವಣೆ ಮಾತ್ರ ಒಂದು ವರ್ಷಕ್ಕೂ ಹೆಚ್ಚು ಎಳೆಯಿತು. 1975ರ ಏಪ್ರಿಲ್‌ನಲ್ಲಿ ಮೊರಾರ್ಜಿ ಮತ್ತೆ ಉಪವಾಸ ಕೂತ ಮೇಲೆಯೇ ಅದಕ್ಕೆ ಮುಹೂರ್ತ ಬಂದದ್ದು. ಜೂನ್ 12ರಂದು, ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದ ದಿನವೇ, ಫಲಿತಾಂಶ ಬಂತು. ಈಗ 182ಕ್ಕೆ ಏರಿದ್ದ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಸಿಕ್ಕದ್ದು 75. ವಿರೋಧ ಪಕ್ಷಗಳ ಒಕ್ಕೂಟವಾದ ಜನತಾ ಮೋರ್ಚಾದ ಸರ್ಕಾರ ಬಾಬುಭಾಯಿ ಜಶ್‌ಭಾಯಿ ಪಟೇಲರ ನೇತೃತ್ವದಲ್ಲಿ ಅಧಿಕಾರಕ್ಕೆ ಬಂತು. ವಾರ ಕಳೆಯುತ್ತಿದ್ದಂತೆ ತುರ್ತು ಪರಿಸ್ಥಿತಿ ಬಂದಾಗ, ಅಡಗಿಕೊಳ್ಳಬೇಕಾದ ಎಷ್ಟೋ ಮಂದಿಗೆ ಕೆಲವು ತಿಂಗಳ ಮಟ್ಟಿಗೆ ಗುಜರಾತ್ ಆಸರೆಯಾಯಿತು. ವಿದ್ಯಾರ್ಥಿಗಳು ತೆರವು ಮಾಡಿಸಿದ ಕುರ್ಚಿಗಳಲ್ಲಿ ಕೂತವರು ಮಾತ್ರ ಹೆಚ್ಚಾಗಿ ಹಳೆಯ ಪಕ್ಷಗಳವರೇ. ಸಮಿತಿಗೆ ತನ್ನದೇ ಪಕ್ಷವಿರಲಿಲ್ಲ. ಚಿಮನ್‌ಭಾಯಿ 1990ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು.