ಹೇಳಿ ಬಂದ ಉಲ್ಕೆ

24 ಸೆಪ್ಟೆಂಬರ್ 2023, ಭಾನುವಾರ ರಾತ್ರಿ, ಬೆಂಗಳೂರು

ಬೆನ್ನು ಎಂಬ ಕ್ಷುದ್ರಗ್ರಹದ ಮಣ್ಣು ಹೊತ್ತ, ನಾಸಾದ ಒಸೈರಿಸ್-ರೆಕ್ಸ್ ನೌಕೆಯ ಕ್ಯಾಪ್ಸೂಲ್ ಅಮೆರಿಕದ ಯೂಟಾ ಮರುಭೂಮಿಯಲ್ಲಿ ಇಳಿಯಿತು. ನಮ್ಮ ಗಡಿಯಾರದಲ್ಲಿ ರಾತ್ರಿ 8.22, ಹೇಳಿದ್ದಕ್ಕಿಂತ ಮೂರು ನಿಮಿಷ ಮೊದಲೇ. ಬೀದಿಯಲ್ಲಿ ಗಣಪತಿ ಬಿಡಲು ಹೊರಟವರ ತಮಟೆಯ ಅಬ್ಬರಕ್ಕೆ ನೇರಪ್ರಸಾರದ ಅರ್ಧ ಮಾತು ಕೇಳಿಸಲಿಲ್ಲ. ಪ್ಯಾರಾಶೂಟ್ ಬಿಚ್ಚಿದ್ದು ಕಂಡ ಮೇಲೆಯೇ ನನಗೆ ಸಮಾಧಾನ. 2004ರಲ್ಲಿ ಇದೇ ಯೂಟಾದಲ್ಲಿ ಸೂರ್ಯನಿಂದ ಹೊಮ್ಮುವ ಕಣಗಳನ್ನು ತಂದ ಜೆನೆಸಿಸ್ ನೌಕೆಯ ಕ್ಯಾಪ್ಸೂಲ್ ನೆಲಕ್ಕೆ ಅಪ್ಪಳಿಸಿತ್ತು; ಪ್ಯಾರಾಶೂಟಿಗೆ ಸೂಚನೆ ಕೊಡಬೇಕಾದ ಸಂವೇದಕಗಳನ್ನು ತಲೆಕೆಳಗಾಗಿ ಕೂರಿಸಿದ್ದರಂತೆ!

ಉಲ್ಕೆ ನೋಡುವ ಚಟವಿದ್ದವರಿಗೆ ಗೊತ್ತು, ಡಿಸೆಂಬರ್ ಚಳಿಯಲ್ಲಿ ತಾರಸಿಯ ಮೇಲೆ ಎಷ್ಟು ಹೊತ್ತು ಬಿದ್ದುಕೊಂಡರೂ ದೊಡ್ಡ ಉಲ್ಕೆ ಹಾಯುವುದು ನಾವು ನೋಡದ ದಿಕ್ಕಿನಲ್ಲೇ. ಕಂಡರೂ ಅದರ ತೂಕ, ಗಾತ್ರ ಎಲ್ಲ ಅಂದಾಜು. ಕ್ಯಾಪ್ಸೂಲೂ ಉಲ್ಕೆಯಂತೆಯೇ ಗಾಳಿಗೆ ನುಗ್ಗಿ ಉರಿಯುತ್ತದೆ, ಆದರೆ ಇಲ್ಲಿ ಅಂದಾಜು ಬೇಕಿಲ್ಲ. ಸುಮಾರು 46 ಕೆ.ಜಿ. ತೂಕ, 81 ಸೆಂ.ಮೀ. ಅಗಲ, ಸೆಕೆಂಡಿಗೆ 12 ಕಿ.ಮೀ.ಗೂ ಮೀರಿದ ವೇಗ. ಬರುವ ದಾರಿ, ನಿಮಿಷ ಕೂಡ ಮೊದಲೇ ಗೊತ್ತು. ಹಾಗಾಗಿಯೇ ಯೂಟಾದ ಪಕ್ಕದ ನೆವಾಡಾದಲ್ಲಿ ಕಿವಿಗೆ ನಿಲುಕದ ಸದ್ದನ್ನೂ ನೆಲದ ಕಂಪನವನ್ನೂ ಹಿಡಿಯುವ ಉಪಕರಣಗಳನ್ನು ಹೂಡಿಕೊಂಡು ಕಾದಿದ್ದರು. ಲೆಕ್ಕ ಗೊತ್ತಿರುವ ಈ ಉಲ್ಕೆಯ ಸದ್ದು ಕೈಯಲ್ಲಿದ್ದರೆ, ಹೇಳದೆ ಕೇಳದೆ ಬರುವ ಉಲ್ಕೆಗಳನ್ನು ತೂಗಿ ನೋಡಲು ಒಂದು ಆಧಾರ ಸಿಕ್ಕಂತೆ.

ಅಲ್ಲಿ ಹಗಲಾದ್ದರಿಂದ ಬೆಂಕಿಯ ಗೆರೆ ಮಾತ್ರ ಕಾಣಲಿಲ್ಲ. ಆ ಆಸೆಗೆ ಜಪಾನಿನ ಹಯಾಬುಸಾ ನೌಕೆ ಮರಳಿದಾಗಿನ ಹಳೆಯ ವಿಡಿಯೊ ಹಾಕಿಕೊಂಡೆ. 2010ರ ಜೂನ್ 13, ಆಸ್ಟ್ರೇಲಿಯಾದ ವೂಮೆರಾ. ಚಿತ್ರ ತೆಗೆದದ್ದು ನಾಸಾದ ಡಿಸಿ-8 ವಿಮಾನದಿಂದ. ಕ್ಯಾಪ್ಸೂಲನ್ನು ಬಿಟ್ಟುಕೊಟ್ಟ ತಾಯಿನೌಕೆ ಸಿಡಿದು ಚೂರುಚೂರಾಗುತ್ತಿದೆ, ಒಂದೊಂದು ಚೂರೂ ಬೇರೆಬೇರೆ ಉರಿಯುತ್ತಿದೆ. ಅದರ ಮುಂದೆ, ತುಸು ಕೆಳಗೆ, ಒಂದೇ ಒಂದು ಚುಕ್ಕೆ ಅಲುಗಾಡದೆ ಸಾಗುತ್ತಿದೆ. 40 ಸೆಂ.ಮೀ. ಅಗಲದ ಆ ಕ್ಯಾಪ್ಸೂಲಿನೊಳಗೆ ಇಟೊಕಾವಾ ಕ್ಷುದ್ರಗ್ರಹದ ಕಣಗಳಿದ್ದವು. ಎಷ್ಟು ಸಲ ನೋಡಿದರೂ ನನ್ನ ಕಣ್ಣು ಚುಕ್ಕೆಯನ್ನು ಬಿಟ್ಟು ತಾಯಿಯ ಕಡೆಗೇ ಹೋಗುತ್ತದೆ.

2006ರಲ್ಲಿ ಧೂಮಕೇತುವಿನ ಧೂಳು ಹೊತ್ತ ಸ್ಟಾರ್‌ಡಸ್ಟ್ ಕ್ಯಾಪ್ಸೂಲ್ ಇಳಿದಾಗಲೂ ಇದೇ ವಿಮಾನ ಹಾರಿತ್ತು. ಆಗ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರೆ ಮೊದಮೊದಲಿಗೆ ಸತುವಿನ ಗೆರೆಗಳು ಕಂಡವು. ಕವಚಕ್ಕೆ ಬಳಿದ, ಸತುವಿದ್ದ ಬಿಳಿ ಬಣ್ಣ ಮೊದಲು ಉರಿದುಹೋಗಿತ್ತು! ಇಂಥ ವಿವರ ಪತ್ರಿಕೆಗಳಲ್ಲಿ ಬರುವುದೇ ಇಲ್ಲ. ಬರುವುದು 'ಗಾಳಿಯ ಘರ್ಷಣೆಯಿಂದ ಉರಿಯಿತು' ಎಂಬ ಒಂದೇ ಪಾಠ. ಶಾಖದ ಬಹುಪಾಲು ಹುಟ್ಟುವುದು ಉಜ್ಜುವುದರಿಂದಲ್ಲ, ಮುಂದಿನ ಗಾಳಿ ಪಕ್ಕಕ್ಕೆ ಸರಿಯಲು ಪುರಸೊತ್ತಿಲ್ಲದೆ ಅದುಮಿಹೋಗುವುದರಿಂದ.

ಬೆನ್ನುವಿನ ಮಣ್ಣು ಎಷ್ಟು ಗ್ರಾಂ ಬಂದಿರಬಹುದೆಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಗಲೇ ಪಂದ್ಯ ಕಟ್ಟುತ್ತಿದ್ದಾರೆ. ನಾನು ಕಾಯುವುದು ನೆವಾಡಾದ ದಾಖಲೆಗಳಿಗೆ.