ಟೆಸ್ಟರ್‌ನಲ್ಲಿ ಎಂಟೂ ಲೈಟ್ ಬಂದವು, ಆಯಿ ಕೋಣೆಯ ಟಿವಿ ಬರಲಿಲ್ಲ

ಬಾಗಲಕೋಟೆ ನವನಗರದ ಆ ಮನೆಯಲ್ಲಿ ಮರುದಿನ ವಾಸ್ತುಶಾಂತಿ. ರಾತ್ರಿ ಒಂಬತ್ತಾಗಿತ್ತು. ಅಂಗಳದಲ್ಲಿ ಪೆಂಡಾಲ್ ಏಳುತ್ತಿತ್ತು, ಒಳಗಿಂದ ಹೂರಣದ ವಾಸನೆ ಬರುತ್ತಿತ್ತು. ಮೆಟ್ಟಿಲ ಕೆಳಗಿನ ರ್ಯಾಕ್ ಮುಂದೆ ಟಿವಿ, ಕ್ಯಾಮೆರಾ ಜೋಡಿಸಲು ಬಂದಿದ್ದ ನಾನು, ಜೊತೆಗೆ ಕೆಲಸ ಮಾಡುವ ನಮ್ಮ ಹುಡುಗ. ನಾಲ್ಕು ಟಿವಿ, ಒಂದು ಫೋರ್ ಬೈ ಫೋರ್ ಮ್ಯಾಟ್ರಿಕ್ಸ್, ಅಂದರೆ ನಾಲ್ಕು ಇನ್‌ಪುಟ್‌ನಲ್ಲಿ ಯಾವುದನ್ನು ಬೇಕಾದರೂ ಯಾವ ಟಿವಿಗೆ ಬೇಕಾದರೂ ಕಳಿಸುವ ಪೆಟ್ಟಿಗೆ. ಹಾಲ್, ಮಾಸ್ಟರ್ ಬೆಡ್‌ರೂಮ್, ಮೇಲಿನ ರೂಮ್ ಮೂರೂ ಓಕೆ. ಆಯಿ, ಅಂದರೆ ಮನೆಯ ಅಜ್ಜಿ, ಅವರ ಕೋಣೆಯಲ್ಲಿ ಮಾತ್ರ ನೋ ಸಿಗ್ನಲ್.

ಮನೆಯವರಿಗೆ ಬೇಕಾಗಿದ್ದದ್ದೇ ಆ ಟಿವಿ. ಹಳೇ ಊರಿನ ಅವರ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಆಯಿ ಬಾಡಿಗೆ ಮನೆಗಳಲ್ಲೇ ದಿನ ತೆಗೆದವರು. ಈಗ ಮೊಣಕಾಲು ಹಿಡಿದುಕೊಂಡು ಮಂಚ ಬಿಟ್ಟು ಏಳಲಾರರು. ಸ್ವಂತ ಮನೆಯ ಪೂಜೆಯನ್ನು ಕೂತಲ್ಲೇ ನೋಡಲಿ ಅಂತ ಹಾಲ್ ಕ್ಯಾಮೆರಾವನ್ನು ಎನ್‌ವಿಆರ್‌ನಿಂದ (ಕ್ಯಾಮೆರಾ ರೆಕಾರ್ಡರ್) ಮ್ಯಾಟ್ರಿಕ್ಸ್‌ಗೆ ಕೊಟ್ಟಿದ್ದೆವು.

ಮೊದಲು ಔಟ್‌ಪುಟ್ ಬದಲಿಸಿದೆ. ಹಾಲ್‌ಗೆ ಹೋಗುವ ನೆಟ್‌ವರ್ಕ್ ಕೇಬಲ್ಲನ್ನು ಆಯಿ ಕೋಣೆಯ ಪೋರ್ಟ್‌ಗೆ ಹಾಕಿದರೆ ಹಾಲ್‌ನಲ್ಲಿ ಚಿತ್ರ ಬಂತು, ಅಂದರೆ ಪೋರ್ಟ್ ಸರಿ ಇದೆ. ಹಾಲ್‌ನ ರಿಸೀವರ್ (ಕೇಬಲ್ಲಿನ ಸಿಗ್ನಲ್ ಹಿಡಿದು ಟಿವಿಗೆ ಕೊಡುವ ಡಬ್ಬಿ) ಕಿತ್ತು ಆಯಿ ಕೋಣೆಗೆ ಹಾಕಿದೆ. ಒಂದು ಸೆಕೆಂಡು ಚಿತ್ರ ಮಿಂಚಿ ಹೋಯಿತು. ಲಿಂಕ್ ಲೈಟ್ ಮಿಣುಕುತ್ತಿತ್ತು. ಹುಡುಗನಿಗೆ ಕೇಬಲ್ಲಿನ ಎಂಟು ತಂತಿ ನೋಡುವ ಟೆಸ್ಟರ್ ಹಚ್ಚು ಅಂದೆ. ಒಂದರಿಂದ ಎಂಟರವರೆಗೆ ಲೈಟ್ ಸಾಲಾಗಿ ಓಡಿದವು. ಅಲ್ಲಿಗೆ ಕೇಬಲ್ ಮೇಲಿನ ಅನುಮಾನವನ್ನು ತಲೆಯಿಂದ ತೆಗೆದುಹಾಕಿದೆ. ಆ ರಾತ್ರಿ ನಾನು ಮಾಡಿದ ಮೊದಲ ತಪ್ಪು ಅದು.

ಎರಡನೆಯದು ಇನ್ನೂ ದೊಡ್ಡದು. ‘ಎಚ್‌ಡಿಸಿಪಿ ಹ್ಯಾಂಡ್‌ಶೇಕ್ ಆಗ್ತಿಲ್ಲ, ನಿಮ್ಮ ಟಿವಿದೇ ಪ್ರಾಬ್ಲಮ್’ ಅಂತ ಯಜಮಾನರಿಗೆ ಹೇಳಿಬಿಟ್ಟೆ. ಎಚ್‌ಡಿಸಿಪಿ ಅಂದರೆ ಕಾಪಿ ತಡೆಯುವ ಬೀಗ, ಬಾಕ್ಸ್ ಮತ್ತು ಟಿವಿ ಮೊದಲು ಒಂದನ್ನೊಂದು ಒಪ್ಪಿಕೊಂಡರೇ ಚಿತ್ರ ಬರುತ್ತದೆ. ಹುಡುಗ ಮೆತ್ತಗೆ ಕೇಳಿದ: ‘ಅಣ್ಣಾ, ಕ್ಯಾಮೆರಾಕ್ಕ ಎಚ್‌ಡಿಸಿಪಿ ಎಲ್ಲಿರ್ತೈತಿ? ಅದೂ ಬರವಲ್ದಲ್ಲ?’ ಅವನ ಮಾತು ನೂರಕ್ಕೆ ನೂರು ಸರಿ. ಕಾಪಿ ಪ್ರೊಟೆಕ್ಷನ್ ಇರುವುದು ಸೆಟ್‌ಟಾಪ್ ಬಾಕ್ಸ್‌ಗೆ, ಸ್ಟ್ರೀಮಿಂಗ್ ಸ್ಟಿಕ್‌ಗೆ. ನಮ್ಮದೇ ಕ್ಯಾಮೆರಾದ ಚಿತ್ರಕ್ಕೆ ಅದರ ಸಂಬಂಧವೇ ಇಲ್ಲ. ಅದೂ ಬರುತ್ತಿಲ್ಲ ಅಂದರೆ ಎಚ್‌ಡಿಸಿಪಿ ಅಲ್ಲ ಅಂತ ಅಲ್ಲೇ ತೀರ್ಮಾನ ಆಗಬೇಕಿತ್ತು. ನಾನು ‘ನೀ ಸುಮ್ನಿರಪಾ’ ಅಂದು ಮ್ಯಾಟ್ರಿಕ್ಸ್‌ಗೆ ಫ್ಯಾಕ್ಟರಿ ರಿಸೆಟ್ ಹೊಡೆದೆ.

ಇಡಿಐಡಿ ಸೆಟ್ಟಿಂಗ್ (ಎಂಥ ಚಿತ್ರ ತೋರಿಸಬಲ್ಲೆ ಅಂತ ಟಿವಿ ಬಾಕ್ಸ್‌ಗೆ ಹೇಳುವ ಮಾಹಿತಿ) ಎಲ್ಲ ಹೋಯಿತು. ಹಾಲ್‌ನ ಟಿವಿಯದೇ ಇಡಿಐಡಿ ಎಲ್ಲದಕ್ಕೂ ಕೂತುಬಿಟ್ಟಿತು, ಬಾಕ್ಸ್ 4ಕೆ ಕಳಿಸಲು ಶುರುಮಾಡಿತು. ಮಾಸ್ಟರ್ ಬೆಡ್‌ರೂಮ್‌ನಲ್ಲಿದ್ದದ್ದು 1080ಪಿ ಹಳೇ ಟಿವಿ. ಅದೂ ಕಪ್ಪಾಯಿತು. ಹನ್ನೊಂದು ಗಂಟೆಗೆ ಒಂದರ ಬದಲು ಎರಡು ಕೋಣೆ ಕತ್ತಲು. ಯಜಮಾನರು ಬಾಗಿಲಲ್ಲಿ ಬಂದು ನಿಂತರು. ಸಿಟ್ಟು ಮಾಡಲಿಲ್ಲ. ‘ಸರ್, ಮುಂಜಾನಿ ಆರಕ್ಕ ಸ್ವಾಮಿಗೋಳು ಬರ್ತಾರ್ರೀ. ಅಷ್ಟರಾಗ ಆಕ್ಕೈತಲ್ರೀ?’ ನನ್ನ ಕೈ ಬೆವತಿತ್ತು. ಒಳಗಿಂದ ಆಯಿ ಹೇಳಿದರು: ‘ತಮ್ಮಾ, ಬ್ಯಾಸರಾ ಮಾಡ್ಕೋಬ್ಯಾಡ. ಬರಲಿಲ್ಲಂದ್ರ ನನ್ನ ಕುರ್ಚಿ ಸುದ್ದಾ ಎತ್ತಿ ಹೊರಗ ಇಡ್ತಾರ.’ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮತ್ತೆ ಆಯಿ ಕೋಣೆಗೆ ಹೋಗಿ ಟಿವಿಯ ಹಿಂದೆ ಕೂತೆ. ಮೊಬೈಲ್ ಟಾರ್ಚ್ ಹಿಡಿದು ಕನೆಕ್ಟರ್ ಕಣ್ಣ ಹತ್ತಿರ ತಂದೆ. ಪ್ಲಾಸ್ಟಿಕ್ಕಿನ ಒಳಗೆ ಬಣ್ಣ ಕಾಣುತ್ತಿದ್ದವು: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ಹಸಿರು, ಬಿಳಿನೀಲಿ, ನೀಲಿ, ಬಿಳಿಕಂದು, ಕಂದು. ನೋಡಲು ಅಚ್ಚುಕಟ್ಟು. ಆದರೆ ಬಿಳಿಹಸಿರಿನ ನಂತರ ನೀಲಿ ಬರಬೇಕು, ಆಮೇಲೆ ಬಿಳಿನೀಲಿ, ಹಸಿರು ಆರನೇ ಮನೆಗೆ ಹೋಗಬೇಕು. ಮೂರು ಮತ್ತು ಆರು ಒಂದು ಜೋಡಿ. ಎರಡು ತಂತಿ ಒಂದಕ್ಕೊಂದು ಹೆಣೆದುಕೊಂಡು ಹೋದರೇ ಹೊರಗಿನ ನಾಯ್ಸ್ ಎರಡರಲ್ಲೂ ಸಮ ಬಿದ್ದು ಕಳೆದುಹೋಗುತ್ತದೆ. ಇಲ್ಲಿ ಮೂರರಲ್ಲಿ ಹಸಿರು ಜೋಡಿಯ ತಂತಿ, ಆರರಲ್ಲಿ ನೀಲಿ ಜೋಡಿಯದು. ಸ್ಪ್ಲಿಟ್ ಪೇರ್. ಆ ಚಿಕ್ಕ ಟೆಸ್ಟರ್ ಒಂದೊಂದೇ ತಂತಿಗೆ ಕರೆಂಟ್ ಬಿಟ್ಟು ಆ ಕಡೆ ಮುಟ್ಟಿತೇ ಅಂತಷ್ಟೇ ನೋಡುತ್ತದೆ. ಯಾವುದು ಯಾವುದರ ಜೊತೆ ಹೆಣೆದಿದೆ ಅಂತ ಅದಕ್ಕೆ ತಿಳಿಯುವುದಿಲ್ಲ. ಎರಡೂ ತುದಿ ಒಂದೇ ಥರ ತಪ್ಪಾಗಿದ್ದರೆ ಎಂಟೂ ಲೈಟ್ ಬರುತ್ತವೆ, ಆ ಕೇಬಲ್ ಮೇಲೆ ಚಿತ್ರ ಒಯ್ಯುವ ಎಚ್‌ಡಿಬೇಸ್‌ಟಿ ಲಿಂಕ್ ಮಾತ್ರ ನಿಲ್ಲುವುದಿಲ್ಲ.

‘ಹಿಂಗ್ಯಾಕ ಹೊಡದಿ?’ ಅಂದೆ. ಉಳಿದ ಮೂರು ಕೇಬಲ್ ನಾನು ಕ್ರಿಂಪ್ ಮಾಡಿದ್ದು (ತುದಿಗೆ ಕನೆಕ್ಟರ್ ಹೊಡೆದದ್ದು), ಇದೊಂದು ಅವನದು. ಅವನು ನೆಲ ನೋಡುತ್ತ ಹೇಳಿದ: ‘ನೀವ ಹೇಳಿದ್ರಲ್ಲಣ್ಣಾ, ಎರಡೂ ಕಡೆ ಒಂದ ಥರಾ ಇದ್ರ ಸಾಕು, ಎಂಟು ಲೈಟ್ ಬಂದ್ರ ಮುಗೀತು ಅಂತ.’ ಹೌದು, ನಾನೇ ಹೇಳಿದ್ದೆ. ಅವನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ.

ಎರಡೂ ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಲು ಹತ್ತು ನಿಮಿಷ ಸಾಕಾಯಿತು. ಲಿಂಕ್ ಲೈಟ್ ನಿಂತು ಬೆಳಗಿತು. ಇಡಿಐಡಿ ಮತ್ತೆ 1080ಪಿಗೆ ತಂದು, ಇನ್‌ಪುಟ್ ಹೆಸರೆಲ್ಲ ಹಾಕಿ ಮುಗಿಸುವಾಗ ಒಂದು ಗಂಟೆ. ಯಜಮಾನರಿಗೆ ‘ನಿಮ್ಮ ಟಿವಿ ಚಲೋ ಐತ್ರೀ, ತಪ್ಪು ನಮ್ಮದು’ ಅಂತ ಹೇಳಿಯೇ ಹೊರಟೆ.

ಆಫೀಸಿನವರ ಮೇಲೂ ನನಗೆ ಸಿಟ್ಟಿದೆ. ಟೆಸ್ಟರ್ ಲೈಟಿನ ಫೋಟೋ ಗ್ರೂಪಿಗೆ ಹಾಕಿದರೆ ಜಾಬ್ ಕ್ಲೋಸ್ ಅನ್ನುವ ಪದ್ಧತಿ ಮಾಡಿದವರು ಅವರು. ಸ್ಪ್ಲಿಟ್ ಪೇರ್ ಹಿಡಿಯುವ ಟೆಸ್ಟರ್ ಕೇಳಿ ಎರಡು ಸಲ ಮೇಲ್ ಹಾಕಿದ್ದೇನೆ, ‘ಬಜೆಟ್ ನೋಡೋಣ’ ಅನ್ನುವುದರ ಮುಂದೆ ಹೋಗಿಲ್ಲ. ಅಲ್ಲಿಯವರೆಗೆ ಕನೆಕ್ಟರಿನ ಬಣ್ಣ ಕಾಣುವ ಹಾಗೆ ಇನ್ನೊಂದು ಫೋಟೋ ಹಾಕುತ್ತಿದ್ದೇವೆ, ಎರಡೂ ತುದಿಯದು.

ಬೆಳಗಾವಿಗೆ ವಾಪಸ್ ಬರುವಾಗ ಗದ್ದನಕೇರಿ ಕ್ರಾಸ್‌ನಲ್ಲಿ ಗಾಡಿ ನಿಲ್ಲಿಸಿದೆ. ‘ಸುಮ್ನಿರು ಅಂದಿದ್ದು ತಪ್ಪಾತು, ಹೇಳಿಕೊಟ್ಟಿದ್ದೂ ತಪ್ಪು’ ಅಂದೆ. ಅವನು ಏನೂ ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ ಕೇಳಿದ: ‘ಹಂಗಾದ್ರ ಲೋಕಾಪುರದ್ದು? ಆ ಮನಿ ಕ್ಯಾಮೆರಾ ವೈರ್ ಎಲ್ಲಾ ನಾನ ಹೊಡದೇನಿ.’ ಆ ಮನೆಯಿಂದ ಕ್ಯಾಮೆರಾ ಆಗಾಗ ಆಫ್‌ಲೈನ್ ಅಂತ ಎರಡು ಸಲ ಫೋನ್ ಬಂದಿತ್ತು. ನಾವು ಕ್ಯಾಮೆರಾ ವೈರ್‌ಗಳೆಲ್ಲ ಸೇರುವ ನೆಟ್‌ವರ್ಕ್ ಸ್ವಿಚ್ ಕೆಟ್ಟಿದೆ ಅಂತ ಬದಲಿಸಿ, ದುಡ್ಡೂ ತಗೊಂಡಿದ್ದೆವು.

ಸೋಮವಾರ ಲೋಕಾಪುರಕ್ಕೆ ಹೋಗಿ ಆರು ಕ್ಯಾಮೆರಾದ ಹನ್ನೆರಡೂ ತುದಿ ಕತ್ತರಿಸಿದೆವು. ಹನ್ನೆರಡರಲ್ಲೂ ಬಿಳಿಹಸಿರಿನ ಪಕ್ಕ ಹಸಿರೇ ಇತ್ತು. ಸ್ವಿಚ್‌ನ ದುಡ್ಡು ವಾಪಸ್ ಕೊಟ್ಟು ಬಂದೆ.