ಬೆಲ್ಟ್ ಚೆನ್ನಾಗೇ ಇತ್ತು

ಎರಡು ಭಾನುವಾರ ಹಿಡಿಯಿತು. ಡಸ್ಟರ್ ಡೀಸೆಲ್ ಕಾರಿನ ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ ಒಳಗಿನ ಪಿಸ್ಟನ್, ವಾಲ್ವುಗಳ ತಾಳ ತಪ್ಪದಂತೆ ನೋಡಿಕೊಳ್ಳುವ ಹಲ್ಲಿನ ಬೆಲ್ಟ್, ಕೊನೆಗೂ ಮನೆಯಲ್ಲೇ ಬದಲಾಯಿಸಿದೆ. ಈ 1.5 ಲೀಟರ್ ಎಂಜಿನ್‌ನಲ್ಲಿ, ಎಂಜಿನ್ ತಂಪಾಗಿಡುವ ಕೂಲಂಟನ್ನು ಹರಿಸುವ ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ. ಬಿಚ್ಚಿದ ಮೇಲೆ ಎರಡನ್ನೂ ಹೊಸದು ಹಾಕುವುದೇ ವಾಸಿ. ಪಂಪ್ ಆಮೇಲೆ ಕೈಕೊಟ್ಟರೆ ಮತ್ತೆ ಜಾಕ್ ಕೊಡು, ಎಂಜಿನ್ ಮೌಂಟ್ ಬಿಚ್ಚು... ಯಾರಿಗೆ ಬೇಕು?

ಹಳೇ ಬೆಲ್ಟ್ ನೋಡಿದರೆ ಒಂದು ಹಲ್ಲೂ ಸವೆದಿಲ್ಲ. "ಸುಮ್ನೆ ದುಡ್ಡು ದಂಡ" ಅಂದಳು ಹೆಂಡತಿ. ಆದರೆ ಪಂಪಿನ ಬುಡದಲ್ಲಿ ಕೂಲಂಟ್ ಒಣಗಿ ಉಪ್ಪು ಕಟ್ಟಿದ ಹಾಗಿತ್ತು. ಕೈಯಲ್ಲಿ ತಿರುಗಿಸಿದರೆ ಬೇರಿಂಗ್ ಕರಕರ. ಹೊರಗೆ ಚೆನ್ನಾಗಿ ಕಾಣುವುದನ್ನು ನಾವು ಬಿಚ್ಚಿ ನೋಡುವುದೇ ಇಲ್ಲ, ಅಲ್ವಾ? ಅಪ್ಪನ ಬಿಪಿ ಚೆಕ್ ಮಾಡಿಸಿ ವರ್ಷವಾಯಿತು ಅಂತ ಆಗಲೇ ನೆನಪಾಗಿದ್ದು.

ಹೊಸ ಬೆಲ್ಟ್ ಕೂರಿಸಿ, ಎಂಜಿನ್ ಅಲುಗದಂತೆ ಹಿಡಿದಿದ್ದ ಲಾಕಿಂಗ್ ಪಿನ್ ತೆಗೆದು, ಕ್ರ್ಯಾಂಕನ್ನು (ಪಿಸ್ಟನ್‌ಗಳಿಗೆ ಸೇರಿದ ಶಾಫ್ಟ್) ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿದೆ. ಅಷ್ಟರಲ್ಲಿ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಒಂದು ಸುತ್ತು. ಪಿನ್ ಮತ್ತೆ ಸಲೀಸಾಗಿ ಒಳಗೆ ಹೋಯಿತು, ಅಂದರೆ ಬೆಲ್ಟ್ ಸರಿಯಾಗಿ ಕೂತಿದೆ. ಬೆಲ್ಟ್ ಹಲ್ಲು ತಪ್ಪಿ ಕೂತರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯಬಹುದು. ಆ ಎರಡು ಸುತ್ತು ಮುಗಿಯುವವರೆಗೆ ನಾನು ಉಸಿರೇ ಬಿಟ್ಟಿರಲಿಲ್ಲ.

ಕೀ ತಿರುಗಿಸಿದೆ, ಒಂದೇ ಸಲಕ್ಕೆ ಸ್ಟಾರ್ಟ್. ಉಗುರಿನ ಸಂದಿಯ ಗ್ರೀಸ್ ಮಾತ್ರ ಹೋಗಿಲ್ಲ. ರಾತ್ರಿ ಅನ್ನ ಸಾರು ಚಮಚದಲ್ಲಿ.